ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದಲ್ಲಿ ಪುರಾಣದ ದೇವತೆಗಳು

ಮೇಜಿನ ಸುತ್ತ ನಾಲ್ಕೈದು ಜನ ಕುಳಿತು, ಕಾಗದ, ಪೆನ್ಸಿಲು, ದಾಳಗಳನ್ನಿಟ್ಟುಕೊಂಡು ಕಲ್ಪಿತ ಲೋಕವೊಂದರ ಪಾತ್ರಗಳಾಗಿ ಕಥೆ ಕಟ್ಟುವ ಆಟಕ್ಕೆ ರೋಲ್ ಪ್ಲೇಯಿಂಗ್ ಗೇಮ್ ಎನ್ನುತ್ತಾರೆ. ಈ ಬಗೆಯಲ್ಲಿ ಮೊದಲು ಮಾರುಕಟ್ಟೆಗೆ ಬಂದದ್ದು ಡಂಜನ್ಸ್ ಅಂಡ್ ಡ್ರಾಗನ್ಸ್. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನ್‌ಸನ್ ರಚಿಸಿದ ಈ ಆಟವನ್ನು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾದಲ್ಲಿದ್ದ ಟಿಎಸ್‌ಆರ್ ಸಂಸ್ಥೆ 1974ರಲ್ಲಿ ಪ್ರಕಟಿಸಿತು.

ಆಟದೊಳಗೆ ದೇವರಿಗಿಂತ ಮೊದಲು ಬಂದವನು ಪುರೋಹಿತ. ಆರ್ನ್‌ಸನ್ ನಡೆಸುತ್ತಿದ್ದ ಬ್ಲ್ಯಾಕ್‌ಮೂರ್ ಆಟದಲ್ಲಿ ಸರ್ ಫ್ಯಾಂಗ್ ಎಂಬ ರಕ್ತ ಹೀರುವ ಪಿಶಾಚಿಯ ಹಾವಳಿ ಮಿತಿಮೀರಿತ್ತು. ಅದನ್ನು ತಡೆಯಲೆಂದೇ ‘ಕ್ಲೆರಿಕ್’ ಪಾತ್ರ ಹುಟ್ಟಿತು. 1974ರ ಪುಸ್ತಕದಲ್ಲಿ ಆಟಗಾರರು ಕೊಳ್ಳಬಹುದಾದ ಸಾಮಾನುಗಳ ಪಟ್ಟಿಯಲ್ಲಿ ಮರದ ಶಿಲುಬೆ, ಬೆಳ್ಳಿಯ ಶಿಲುಬೆ, ಪವಿತ್ರ ಜಲ ಇವೆ. ಆದರೆ ಕ್ಲೆರಿಕ್ ಯಾವ ದೇವರ ಭಕ್ತನೆಂಬ ಮಾತೇ ಇಲ್ಲ. 1975ರಲ್ಲಿ ದಕ್ಷಿಣ ಏಷ್ಯಾದ ಭಾಷೆಗಳ ವಿದ್ವಾಂಸ ಎಂ.ಎ.ಆರ್. ಬಾರ್ಕರ್ ‘ಎಂಪೈರ್ ಆಫ್ ದಿ ಪೆಟಲ್ ಥ್ರೋನ್’ ಎಂಬ ಬೇರೊಂದು ಆಟಕ್ಕೆ ತಾವೇ ಕಲ್ಪಿಸಿದ ದೇವತಾಸಮೂಹವನ್ನು ಕೊಟ್ಟರು. ಟಿಎಸ್‌ಆರ್ ತನ್ನ ಮುಖ್ಯ ಆಟಕ್ಕೆ ದೇವತೆಗಳನ್ನು ಹುಡುಕಿದ್ದು ಲೋಕದ ಪುರಾಣಗಳಲ್ಲಿ.

ರಾಬರ್ಟ್ ಕುಂಟ್ಸ್ ಮತ್ತು ಜೇಮ್ಸ್ ವಾರ್ಡ್ ಬರೆದ ‘ಗಾಡ್ಸ್, ಡೆಮಿ-ಗಾಡ್ಸ್ ಅಂಡ್ ಹೀರೋಸ್’ 1976ರಲ್ಲಿ ಹೊರಬಂತು. ಗ್ರೀಕ್, ಈಜಿಪ್ಟ್, ನಾರ್ಸ್, ಕೆಲ್ಟಿಕ್ ದೇವತೆಗಳ ಜೊತೆಗೆ ಭಾರತದ ದೇವತೆಗಳೂ ಅದರಲ್ಲಿದ್ದರು. ಪಾತ್ರಗಳ ಬಲವನ್ನು ಅಳತೆಮೀರಿ ಬೆಳೆಸುತ್ತಿದ್ದ ಆಟಗಾರರಿಗೆ ಕಡಿವಾಣ ಹಾಕುವುದು ಇದರ ಒಂದು ಉದ್ದೇಶವೆಂದು ಸಂಪಾದಕ ಟಿಮ್ ಕಾಸ್ಕ್ ಮುನ್ನುಡಿಯಲ್ಲಿ ತಿಳಿಸಿದ್ದರು: ದೇವರ ಬಲವೇ ಇಷ್ಟಾದರೆ, ನಿಮ್ಮ ವೀರ ಅದನ್ನು ಮೀರಿದ್ದು ಹೇಗೆ ಎಂಬುದು ಅವರ ವಾದ. ಫಲ ತಿರುಗುಮುರುಗಾಯಿತು. ಬಲಕ್ಕೆ ಅಂಕಿ ಕೊಟ್ಟಮೇಲೆ ದೇವರೂ ಸೋಲಿಸಬಹುದಾದ ಎದುರಾಳಿಯೇ ಆದ.

1980ರ ‘ಡೀಟೀಸ್ ಅಂಡ್ ಡೆಮಿಗಾಡ್ಸ್’ ಈ ಕ್ರಮವನ್ನು ಇನ್ನಷ್ಟು ಬೆಳೆಸಿತು. ಮೊದಲ ಮುದ್ರಣದ 144 ಪುಟಗಳಲ್ಲಿ 17 ವಿಭಾಗಗಳು. ಏಟು ತಾಳುವ ಶಕ್ತಿಯನ್ನು ಅಳೆಯುವ ‘ಹಿಟ್ ಪಾಯಿಂಟ್’ ಜ್ಯೂಸ್‌ಗೆ 400, ಓಡಿನ್‌ಗೂ 400. ಇಂದ್ರ, ಅಗ್ನಿ, ವರುಣ, ಯಮ, ಉಷಸ್ಸು, ಲಕ್ಷ್ಮಿ, ಕಾಳಿ, ವಿಷ್ಣು, ಎಲ್ಲರೂ ಅದೇ ಬಗೆಯ ಕೋಷ್ಟಕಕ್ಕೆ ಸೇರಿದರು. ಪೂಜೆ ನಿಂತು ಸಾವಿರಾರು ವರ್ಷವಾದ ಸುಮೇರಿನ ದೇವರಿಗೂ ಇಂದಿಗೂ ದೀಪ ಹಚ್ಚಿಸಿಕೊಳ್ಳುವ ಲಕ್ಷ್ಮಿಗೂ ಈ ಪುಸ್ತಕ ಭೇದ ಕಾಣಲಿಲ್ಲ. ಅದರ ದೊಡ್ಡ ಕೊರತೆ ಇದೇ. ಕೃತಿಸ್ವಾಮ್ಯದ ವಿಷಯದಲ್ಲಿ ಮಾತ್ರ ಭೇದ ಕಾಣಲೇಬೇಕಾಯಿತು. ಲವ್‌ಕ್ರಾಫ್ಟ್ ಕಥೆಗಳ ಕ್ತುಲ್ಹು, ಮೂರ್‌ಕಾಕ್ ಕಾದಂಬರಿಗಳ ಮೆಲ್ನಿಬೊನೆ ಕುರಿತ ಆಟಗಳ ಹಕ್ಕು ಕೇಯಾಸಿಯಂ ಸಂಸ್ಥೆಯ ಬಳಿ ಇದ್ದುದರಿಂದ ಮುಂದಿನ ಮುದ್ರಣಗಳಲ್ಲಿ ಆ ಎರಡು ವಿಭಾಗಗಳನ್ನು ಕೈಬಿಡಲಾಯಿತು. ಪುಟಗಳು 128ಕ್ಕೆ ಇಳಿದವು.

ಆಟದಲ್ಲಿ ದೈವಭಕ್ತಿಯ ಅಚ್ಚೂ ಏಕದೇವೋಪಾಸನೆಯದು. ಕ್ಲೆರಿಕ್ ಒಬ್ಬ ದೇವರನ್ನು ಆರಿಸಿಕೊಂಡು ಅವನಿಗೇ ನಿಷ್ಠನಾಗಿರುತ್ತಾನೆ. ಬೆಳಗ್ಗೆ ಸೂರ್ಯನಿಗೆ ಅರ್ಘ್ಯ ಕೊಟ್ಟು, ಕೆಲಸಕ್ಕೆ ಕೈಹಾಕುವ ಮುನ್ನ ಗಣಪತಿಯನ್ನು ನೆನೆದು, ಕಷ್ಟ ಬಂದಾಗ ಮನೆದೇವರಿಗೆ ಹರಕೆ ಹೊರುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ಹಳೆಯ ಗ್ರೀಸಿನವರಿಗೂ ಹೊಂದುತ್ತಿರಲಿಲ್ಲ. ಈ ವಿಷಯದಲ್ಲಿ ಗ್ರೆಗ್ ಸ್ಟ್ಯಾಫರ್ಡ್ ಕಲ್ಪಿಸಿದ ಗ್ಲೊರಾಂಥಾ ಲೋಕ ಮೇಲಾದುದು. ಆ ಲೋಕದ ‘ರೂನ್‌ಕ್ವೆಸ್ಟ್’ ಆಟ 1978ರಲ್ಲಿ, ‘ಕಲ್ಟ್ಸ್ ಆಫ್ ಪ್ರಾಕ್ಸ್’ ಪುಸ್ತಕ 1979ರಲ್ಲಿ ಬಂದವು. ದೇವರ ಬಲಕ್ಕಿಂತ ಭಕ್ತರ ಆಚಾರ, ದೀಕ್ಷೆ, ಪುರಾಣಕಥೆಗಳಿಗೆ ಅಲ್ಲಿ ಮನ್ನಣೆ.

ಡಂಜನ್ಸ್ ಅಂಡ್ ಡ್ರಾಗನ್ಸ್ ಮಕ್ಕಳನ್ನು ಸೈತಾನನ ಪೂಜೆಗೆ ಎಳೆಯುತ್ತದೆಂದು 1980ರ ದಶಕದಲ್ಲಿ ಅಮೆರಿಕದ ಕೆಲವು ಕ್ರೈಸ್ತ ಗುಂಪುಗಳು ಗದ್ದಲ ಎಬ್ಬಿಸಿದವು. 1985ರಲ್ಲಿ ಟಿಎಸ್‌ಆರ್ ‘ಡೀಟೀಸ್ ಅಂಡ್ ಡೆಮಿಗಾಡ್ಸ್’ ಪುಸ್ತಕಕ್ಕೆ ‘ಲೆಜೆಂಡ್ಸ್ ಅಂಡ್ ಲೋರ್’ ಎಂದು ಮರುನಾಮಕರಣ ಮಾಡಿತು. ಮುಖಪುಟ ಬದಲಾಯಿತು, ಒಳಗಿನ ದೇವತೆಗಳು ಬದಲಾಗಲಿಲ್ಲ. ಅದೇ ಹೆಸರಿನಲ್ಲಿ 1990ರಲ್ಲಿ ಬಂದ ಹೊಸ ಪುಸ್ತಕದ ಬದಲಾವಣೆ ನಿಜಕ್ಕೂ ಮುಖ್ಯವಾದುದು. ಅಲ್ಲಿ ಅಂಕಿಗಳಿರುವುದು ದೇವರಿಗಲ್ಲ, ಭೂಮಿಗಿಳಿದ ಅವನ ರೂಪಕ್ಕೆ. ಆ ರೂಪಕ್ಕೆ ಆಟದ ನಿಯಮಗಳು ಬಳಸಿದ ಪದ ‘ಅವತಾರ’. ಸೋತರೆ ಸೋಲುವುದು ಅವತಾರ, ದೇವರಲ್ಲ. 1976ರಲ್ಲಿ ಹುಟ್ಟಿದ ತೊಡಕಿಗೆ ಪರಿಹಾರದ ಹೆಸರು ಸಂಸ್ಕೃತದಿಂದ ಬಂತು.

ಎಡ್ ಗ್ರೀನ್‌ವುಡ್ ಕಲ್ಪಿಸಿ 1987ರಲ್ಲಿ ಪ್ರಕಟವಾದ ಈ ಆಟದ ‘ಫರ್ಗಾಟನ್ ರೆಲ್ಮ್ಸ್’ ಲೋಕದಲ್ಲಿ ನಾರ್ಸ್ ಪುರಾಣದ ಟಿರ್, ಫಿನ್‌ಲೆಂಡಿನ ಮಿಯೆಲಿಕ್ಕಿ, ಕೆಲ್ಟಿಕ್ ಓಗ್ಮಾ ಕಲ್ಪಿತ ದೇವತೆಗಳ ನಡುವೆ ಬೆರೆತುಹೋಗಿದ್ದಾರೆ. ಬ್ಯಾಬಿಲೋನಿನ ಆದಿಸಾಗರದ ದೇವಿ ತಿಯಾಮತ್ ಈ ಆಟದಲ್ಲಿ ಐದು ತಲೆಯ ಡ್ರಾಗನ್ ರಾಣಿ. ಬ್ಯಾಬಿಲೋನಿನ ಸೃಷ್ಟಿಕಥೆಯಲ್ಲಿ ಐದು ತಲೆಗಳಿಲ್ಲ. ನಮ್ಮ ರಾಕ್ಷಸನೂ ಹೀಗೇ ರೂಪಾಂತರಗೊಂಡ. ಗೈಗ್ಯಾಕ್ಸ್‌ಗೆ ಪ್ರೇರಣೆ ರಾಮಾಯಣವಲ್ಲ, 1974ರಲ್ಲಿ ‘ಕೋಲ್ಚಾಕ್’ ಎಂಬ ಅಮೆರಿಕನ್ ದೂರದರ್ಶನ ಸರಣಿಯಲ್ಲಿ ಬಂದ ಒಂದು ಕಂತು. 1977ರ ‘ಮಾನ್‌ಸ್ಟರ್ ಮ್ಯಾನ್ಯುಯಲ್’ ಚಿತ್ರದಲ್ಲಿ ಅವನಿಗೆ ಹುಲಿಮುಖ ಬಂತು. ಯಕ್ಷಗಾನದ ಬಣ್ಣದ ವೇಷ ಕಂಡ ಕಣ್ಣಿಗೆ ಅವನ ಗುರುತು ಹತ್ತುವುದು ಕಷ್ಟ.

2002ರ ‘ಡೀಟೀಸ್ ಅಂಡ್ ಡೆಮಿಗಾಡ್ಸ್’ ಪುರಾಣಗಳಿಂದ ಆರಿಸಿಕೊಂಡದ್ದು ಗ್ರೀಕ್, ನಾರ್ಸ್, ಈಜಿಪ್ಟ್ ಸಮೂಹಗಳನ್ನು ಮಾತ್ರ. 2014ರ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ ಅನುಬಂಧದಲ್ಲಿ ಈ ಮೂರರ ಜೊತೆ ಕೆಲ್ಟಿಕ್ ಸಮೂಹವಿದೆ, ಭಾರತದ ದೇವತೆಗಳಿಲ್ಲ. ಅದೇ ವರ್ಷದ ‘ಮಾನ್‌ಸ್ಟರ್ ಮ್ಯಾನ್ಯುಯಲ್’ನಲ್ಲಿ ಹುಲಿಮುಖದ ರಾಕ್ಷಸ ಇದ್ದಾನೆ.