ಬಲಗಾಲು ಹುಡುಕಿದ ಬ್ರೇಕು

ಮೊನ್ನೆ ಮಗ ಹೊಸ ಸ್ಪೋರ್ಟ್ಸ್ ಬೈಕ್ ತಂದ. ಬಿಲ್ಡಿಂಗ್ ಕೆಳಗೆ ತೆಂಗಿನಕಾಯಿ ಒಡೆದು, ಚಕ್ರದಡಿ ನಿಂಬೆಹಣ್ಣಿಟ್ಟು ಹತ್ತಿಸಿದ್ದಾಯಿತು. ಆಮೇಲೆ ಕೀಲಿ ತಿರುಗಿಸಿ, "ಅಪ್ಪಾ, ಇಲ್ಲಿ ನೋಡು" ಅಂದ. ಮೀಟರ್ ಇರಬೇಕಾದ ಜಾಗದಲ್ಲಿ ಬಣ್ಣಬಣ್ಣದ ಪರದೆ! ವೇಗ, ಆರ್‌ಪಿಎಂ, ಎಷ್ಟನೇ ಗೇರು, ಇರುವ ಪೆಟ್ರೋಲಿಗೆ ಇನ್ನೆಷ್ಟು ದೂರ ಹೋಗಬಹುದು, ಫೋನ್ ಮಾಡುತ್ತಿರುವವರು ಯಾರು... ಎಲ್ಲವೂ ಅಲ್ಲಿದೆ. "ಇನ್ನೇನು ಬೇಕು ಹೇಳು?" ಅಂತ ಅವನ ಪ್ರಶ್ನೆ.

ನಾನು ಬಗ್ಗಿ ನೋಡಿದ್ದು ಪರದೆಯನ್ನಲ್ಲ, ಗೇರು ಯಾವ ಕಡೆ ಇದೆ ಅಂತ. ಎಡಗಡೆ ಇತ್ತು. ಈಗಿನ ಬೈಕುಗಳಲ್ಲಿ ಇನ್ನೆಲ್ಲಿರುತ್ತೆ ಅಂತ ನಕ್ಕ. ನಿಜ. ಆದರೂ ನಾನು ಪ್ರತಿಸಲ ನೋಡುತ್ತೇನೆ. ಯಾಕೆ ಅಂತ ಹೇಳುವುದಕ್ಕೇ ಈ ಬರಹ.

ನನ್ನೂರು ಮೈಸೂರು. ಪುಣೆಗೆ ಬಂದು ಮೂವತ್ತೈದು ವರ್ಷ ದಾಟಿತು. ಗಾಡಿ ಕಲಿತದ್ದು ಸೋದರಮಾವನ ಜಾವಾದ ಮೇಲೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಮೈಸೂರಿನವರಿಗೆ ಮನೆಯ ವಿಷಯ ಇದ್ದ ಹಾಗೆ. 1960ರ ದಶಕದ ಶುರುವಿನಲ್ಲಿ ಜೆಕೊಸ್ಲೊವಾಕಿಯಾದ ಗಾಡಿಯನ್ನು ಅಲ್ಲಿ ಕಟ್ಟತೊಡಗಿದರು. ಮುಂದಿನ ದಶಕದಲ್ಲಿ ಹೆಸರು ಯೆಜ್ಡಿ ಆಯಿತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಆ ಗಾಡಿಯಲ್ಲಿ ಕಿಕ್ಕರೂ ಗೇರೂ ಒಂದೇ ಕಡ್ಡಿ. ಒದ್ದು ಶುರು ಮಾಡಿ, ಅದನ್ನೇ ಮುಂದಕ್ಕೆ ಮಡಿಸಿದರೆ ಗೇರು. ಎಡಗಾಲಿಗೆ ಗೇರು, ಬಲಗಾಲಿಗೆ ಬ್ರೇಕು. ಮೀಟರು ಅಂದರೆ ಹೆಡ್‌ಲೈಟಿನ ಬುರುಡೆಯಲ್ಲಿ ಕೂತಿದ್ದ ಒಂದು ಮುಳ್ಳು, ಅಷ್ಟೇ. ಮಾವನ ಗಾಡಿಯಲ್ಲಿ ಅದೂ ಓಡುತ್ತಿರಲಿಲ್ಲ. "ಕಣ್ಣು ರಸ್ತೆಗೆ, ಕೈಕಾಲು ಗಾಡಿಗೆ ಕಣೋ. ಮೀಟರ್ ಕಟ್ಕೊಂಡು ಏನ್ಮಾಡ್ತೀಯ?" ಅನ್ನೋರು. ಎಂಜಿನ್ ಸದ್ದಿನಲ್ಲೇ ವೇಗ ಗೊತ್ತಾಗಬೇಕು ಅನ್ನುವುದು ಅವರ ಪಾಠ.

ಪುಣೆಗೆ ಬಂದ ಹೊಸತರಲ್ಲಿ ಒಂದು ಭಾನುವಾರ. ಗೆಳೆಯನೊಬ್ಬನ ಹತ್ತಿರ ಹಳೆಯ ಬ್ರಿಟಿಷ್ ಗಾಡಿಯೊಂದಿತ್ತು. ಅದರಲ್ಲಿ ಗೇರು ಬಲಕ್ಕೆ, ಬ್ರೇಕು ಎಡಕ್ಕೆ. ಹತ್ತುವ ಮೊದಲು ಅವನು ಎರಡು ಸಲ ಹೇಳಿದ್ದ, ನಾನೂ ತಲೆಯಾಡಿಸಿದ್ದೆ. ಅರ್ಧ ಗಂಟೆ ಚೆನ್ನಾಗಿಯೇ ಓಡಿಸಿದೆ. ವಾಪಸು ಇಳಿಜಾರಿನಲ್ಲಿ ಬರುವಾಗ ತರಕಾರಿ ಕೈಗಾಡಿಯೊಂದು ಅಡ್ಡ ಬಂತು. ಬಲಗಾಲು ತಾನಾಗಿಯೇ ಕೆಳಗೆ ತುಳಿಯಿತು. ಅಲ್ಲಿದ್ದದ್ದು ಬ್ರೇಕಲ್ಲ. ಆ ಗಾಡಿಯಲ್ಲಿ ಕೆಳಕ್ಕೆ ತುಳಿದರೆ ಮೇಲಿನ ಗೇರು. ಧಡಕ್ ಅಂದು ಗಾಡಿ ಇನ್ನೂ ಸಲೀಸಾಗಿ ಮುಂದೆ ಹೋಯಿತು! ಕೈಗಾಡಿಯವನು ಹಾರಿ ಉಳಿದುಕೊಂಡ. ನಾನು ತರಚಿಕೊಂಡೆ. ಹಿಂದೆ ಕೂತಿದ್ದ ಗೆಳೆಯನ ಮಂಡಿ ಮುರಿಯಿತು. ಇವತ್ತಿಗೂ ಪುಣೆಯ ಮಳೆಗಾಲ ಶುರುವಾಗುವುದು ಅವನಿಗೆ ಮೊದಲು ಮಂಡಿಯಲ್ಲೇ ಗೊತ್ತಾಗುತ್ತದೆ. ತಪ್ಪು ಗಾಡಿಯದಲ್ಲ. ತಲೆಗೆ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ.

ಹೀಗೆ ಎರಡು ಬಗೆ ಯಾಕೆ ಬಂತು ಅಂತ ಆಮೇಲೆ ಹುಡುಕಿ ಓದಿದೆ. ಮೊದಮೊದಲು ಗೇರು ಕೈಯಲ್ಲೇ ಇತ್ತು, ಟ್ಯಾಂಕಿನ ಪಕ್ಕದ ಉದ್ದ ಕಡ್ಡಿ. ರೇಸಿನಲ್ಲಿ ಒಂದು ಕೈ ಹ್ಯಾಂಡಲ್ ಬಿಟ್ಟರೆ ಗತಿಯೇನು? 1920ರ ದಶಕದ ಕೊನೆಗೆ ಬರ್ಮಿಂಗ್‌ಹ್ಯಾಮಿನ ವೆಲೊಸೆಟ್ ಕಂಪನಿಯ ಹೆರಾಲ್ಡ್ ವಿಲ್ಲಿಸ್, ಒಂದು ತುಳಿತಕ್ಕೆ ಒಂದೇ ಗೇರು ಬದಲಾಗಿ ಕಡ್ಡಿ ಮತ್ತೆ ತನ್ನ ಜಾಗಕ್ಕೆ ಬರುವ ಕಾಲ್ಗೇರನ್ನು ರೇಸ್ ಗಾಡಿಗೆ ಅಳವಡಿಸಿದ. ಇವತ್ತಿಗೂ ನಾವು ತುಳಿಯುತ್ತಿರುವುದು ಅದನ್ನೇ. ಆದರೆ ಯಾವ ಕಾಲಿಗೆ ಅನ್ನುವುದರಲ್ಲಿ ಒಮ್ಮತವಿರಲಿಲ್ಲ. ಬ್ರಿಟಿಷರು ಹೆಚ್ಚಾಗಿ ಬಲಕ್ಕೆ ಇಟ್ಟರು. ಜಪಾನಿನವರು ಹೆಚ್ಚಾಗಿ ಎಡಕ್ಕೆ.

ಜಗಳ ಬಗೆಹರಿಸಿದ್ದು ಅಮೆರಿಕದ ಒಂದು ನಿಯಮ. 1974ರ ಸೆಪ್ಟೆಂಬರಿನಿಂದ ತಯಾರಾಗುವ ಗಾಡಿಗಳಲ್ಲಿ ಎಡಗಾಲಿಗೆ ಗೇರು, ಬಲಗಾಲಿಗೆ ಹಿಂದಿನ ಬ್ರೇಕು, ಎಡಗೈಗೆ ಕ್ಲಚ್ಚು ಮತ್ತು ಹಾರ್ನು, ಬಲಗೈಗೆ ಮುಂದಿನ ಬ್ರೇಕು ಮತ್ತು ಎಂಜಿನ್ ನಿಲ್ಲಿಸುವ ಸ್ವಿಚ್ಚು ಇರಲೇಬೇಕು ಅಂತಾಯಿತು. ಅಷ್ಟು ದೊಡ್ಡ ಮಾರುಕಟ್ಟೆಯನ್ನು ಬಿಡುವವರು ಯಾರು? 1975ರ ನಾರ್ಟನ್ ಕಮಾಂಡೋದಲ್ಲಿ, ಬಲಕ್ಕಿದ್ದ ಗೇರನ್ನು ಒಳಗಿಂದ ಅಡ್ಡ ಸರಳು ಹಾಯಿಸಿ ಎಡಕ್ಕೆ ತಂದರು.

ನಮ್ಮಲ್ಲಿ ಆ ಒತ್ತಾಯ ಇರಲಿಲ್ಲ. 1950ರ ದಶಕದಿಂದ ಮದರಾಸಿನಲ್ಲಿ ತಯಾರಾದ ಬುಲೆಟ್ ಬಲಗಡೆ ಗೇರಿನಲ್ಲೇ ದಶಕಗಟ್ಟಲೆ ಓಡಿತು. 2000ದ ದಶಕದಲ್ಲಷ್ಟೇ ಎಡಕ್ಕೆ ಬಂತು. ಹಳೆಯ ಬುಲೆಟ್ಟಿನ ಆಂಪಿಯರ್ ಮೀಟರ್ ನಿಮಗೆ ನೆನಪಿದೆಯಾ? ಕಿಕ್ಕರನ್ನು ಮೆಲ್ಲಗೆ ತಳ್ಳಿ ಮುಳ್ಳನ್ನು ನಡುವಿಗೆ ತಂದು, ಎಡಗೈಯ ಡಿಕಂಪ್ರೆಷನ್ ಕಡ್ಡಿ ಒತ್ತಿ ಇನ್ನಷ್ಟು ತಳ್ಳಿ, ಆಮೇಲೆ ಒದ್ದರೆ ಒಂದೇ ಏಟಿಗೆ ಶುರು. ಆ ಮುಳ್ಳಿಗೆ ಒಂದು ಕೆಲಸವಿತ್ತು, ಅದೂ ಗಾಡಿ ನಿಂತಿದ್ದಾಗ.

ಓಡುವಾಗ ಬೇಕಾದ ಮೀಟರೇ ಬೇರೆ. 1983ರಲ್ಲಿ ಬಂದ ರಾಜ್‌ದೂತ್ 350ರಲ್ಲಿ ಜೋಡಿ ಮೀಟರು. ಒಂದು ವೇಗಕ್ಕೆ, ಇನ್ನೊಂದು ಆರ್‌ಪಿಎಂಗೆ. ಟೂ-ಸ್ಟ್ರೋಕ್ ಎಂಜಿನ್ನಿನ ಬಲವೆಲ್ಲ ಒಂದು ಮಟ್ಟ ದಾಟಿದ ಮೇಲೇ ಬರುವುದರಿಂದ ಆ ಎರಡನೆಯ ಮುಳ್ಳಿಗೆ ಅರ್ಥವಿತ್ತು. ಮುಂದೆ 2001ರಲ್ಲಿ ನಮ್ಮ ಪುಣೆಯ ಬಜಾಜ್ ಪಲ್ಸರ್ ತಂದಿತು. 2006ರ ಪಲ್ಸರಿನಲ್ಲಿ ವೇಗ ಅಂಕಿಯಾಯಿತು, ಆದರೆ ಆರ್‌ಪಿಎಂ ಮುಳ್ಳಾಗಿಯೇ ಉಳಿಯಿತು. ಗಮನಿಸಿ, ಇದರಲ್ಲೊಂದು ವಿವೇಕ ಇದೆ. ಅಂಕಿಯನ್ನು ಓದಬೇಕು. ಮುಳ್ಳನ್ನು ಓದಬೇಕಿಲ್ಲ, ಎಲ್ಲಿ ನಿಂತಿದೆ ಅಂತ ಕಣ್ಣಂಚಿನಲ್ಲೇ ಗೊತ್ತಾಗುತ್ತದೆ. ಅದೇ ಗಾಡಿಯಲ್ಲಿ ತಿರುವು ಮುಗಿದ ಮೇಲೆ ತಾನೇ ಆರುವ ಇಂಡಿಕೇಟರೂ ಬಂತು. ಕತ್ತಲಲ್ಲಿ ಕಾಣುವ ಹಾಗೆ ಸ್ವಿಚ್ಚುಗಳೊಳಗೆ ಬೆಳಕೂ ಬಂತು. ಸವಾರ ಬಯಸುವುದು ಇಂಥದ್ದನ್ನೇ ಅಂತ ನನಗನಿಸುತ್ತದೆ, ತಾನು ಮರೆತದ್ದನ್ನು ಗಾಡಿ ನೆನಪಿಟ್ಟುಕೊಳ್ಳಬೇಕು.

ಅಲ್ಲಿಂದ ಮುಂದೆ ಗಾಡಿಯೇ ಕೆಲವನ್ನು ನಮ್ಮ ಕೈಯಿಂದ ತೆಗೆದುಕೊಂಡಿತು. 2017ರ ಏಪ್ರಿಲ್‌ನಿಂದ ಹೊಸ ಗಾಡಿಗಳಲ್ಲಿ ಹೆಡ್‌ಲೈಟ್ ಆರಿಸುವ ಸ್ವಿಚ್ಚೇ ಇಲ್ಲ, ಹಗಲಲ್ಲೂ ಉರಿಯಬೇಕೆಂಬ ನಿಯಮ. ಶುರುವಿನಲ್ಲಿ ಎದುರಿಗೆ ಬಂದವರೆಲ್ಲ "ಲೈಟ್ ಆನ್ ಇದೆ" ಅಂತ ಕೈ ಬೀಸಿ ಹೇಳುತ್ತಿದ್ದರು, ನೆನಪಿರಬೇಕು! 2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಎಲ್ಲ ಹೊಸ ಗಾಡಿಗಳಿಗೆ ಎಬಿಎಸ್ ಕಡ್ಡಾಯವಾಯಿತು. ಗಾಬರಿಯಲ್ಲಿ ಬ್ರೇಕನ್ನು ಜೋರಾಗಿ ಹಿಡಿದರೂ ಚಕ್ರ ಕಚ್ಚಿಕೊಳ್ಳುವುದಿಲ್ಲ. ಆದರೆ ಅದಕ್ಕೂ ಮೊದಲು ಬ್ರೇಕು ಕಾಲಿಗೆ ಸಿಗಬೇಕಲ್ಲ!

ಈಗ ಕಾಲುಗಳ ಜಗಳ ಮುಗಿದಿದೆ. ಬೆರಳುಗಳದ್ದು ಉಳಿದಿದೆ. ಹಾರ್ನ್ ಕೆಳಗೆ, ಇಂಡಿಕೇಟರ್ ಅದರ ಮೇಲೆ ಅನ್ನುವುದು ಹಳೆಯ ರೂಢಿ. 2010ರ ವಿಎಫ್‌ಆರ್1200ರಿಂದೀಚೆಗೆ ಹೋಂಡಾದ ಹಲವು ಮಾದರಿಗಳಲ್ಲಿ ಅದು ಅದಲುಬದಲಾಗಿದೆ. ಒಂದಕ್ಕೆ ಒಗ್ಗಿದವನು ಇನ್ನೊಂದನ್ನು ಹತ್ತಿದರೆ ತಿರುವಿನಲ್ಲಿ ಇಂಡಿಕೇಟರ್ ಬದಲು ಹಾರ್ನು ಒತ್ತುತ್ತಾನೆ. ನಗು ಬರುವ ತಪ್ಪು. ನನ್ನದೂ ಅದೇ ಜಾತಿಯ ತಪ್ಪೇ, ಕೈಯ ಬದಲು ಕಾಲಿನದು, ಅಷ್ಟೇ ವ್ಯತ್ಯಾಸ.

ಮಗನಿಗೆ ಇಷ್ಟೆಲ್ಲ ಹೇಳಲಿಲ್ಲ. "ಗಾಡಿ ಸ್ಟ್ಯಾಂಡ್ ಮೇಲಿರಲಿ, ಕಣ್ಣು ಮುಚ್ಚು" ಅಂದೆ. ಹಾರ್ನ್ ಅಂದೆ, ಒತ್ತಿದ. ಎಡ ಇಂಡಿಕೇಟರ್ ಅಂದೆ, ಸರಿಯಾಗಿ ತಳ್ಳಿದ. ಪಾಸ್ ಲೈಟ್, ಸರಿ. ಎಂಜಿನ್ ನಿಲ್ಲಿಸು ಅಂದೆ, ಬಲ ಹೆಬ್ಬೆರಳು ಒಂದು ಕ್ಷಣ ತಡಕಾಡಿ ಸಿಕ್ಕಿತು. ಪರದೆ ಬದಲಾಯಿಸು ಅಂದೆ. ಬೆರಳು ಅಲ್ಲಿ ಇಲ್ಲಿ ಅಲೆದು, ಕಣ್ಣು ಬಿಟ್ಟ.

"ಅದನ್ನು ಗಾಡಿ ನಿಲ್ಲಿಸಿಕೊಂಡು ಮಾಡು" ಅಂದೆ. "ಒಂದು ವಾರ ದಿನಾ ಹೀಗೆ ಮಾಡಿ, ಆಮೇಲೆ ಯಾರನ್ನಾದರೂ ಹಿಂದೆ ಕೂರಿಸಿಕೋ."

ಸಂಜೆ ಗೆಳೆಯ ಬೈಕು ನೋಡುವುದಕ್ಕೆ ಬಂದ. ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿದು, ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಪರದೆಯ ಕಡೆ ಅವನೂ ನೋಡಲಿಲ್ಲ. ಬಗ್ಗಿ, ಗೇರು ಎಲ್ಲಿದೆ ಅಂತ ನೋಡಿದ. ಆಮೇಲೆ ನನ್ನ ಮುಖ ನೋಡಿ ನಕ್ಕ.