ಪೊರೆ ತೆಗೆಸಿದ ಅಜ್ಜನ ದಪ್ಪ ಚಾಳೀಸು

ತಿಕೋಟಾ, ಬಬಲೇಶ್ವರ ಕಡೆಯ ಮನೆಗಳ ಹಳೆಯ ಫೋಟೊಗಳಲ್ಲಿ ಅಜ್ಜಂದಿರ ದಪ್ಪ ಚಾಳೀಸು ನಾವು ನೋಡಿದ್ದೇವೆ. ಅದು ಹೆಚ್ಚಾಗಿ ಕಣ್ಣಿನ ಪೊರೆ ತೆಗೆಸಿದ ಗುರುತು. ಊರೂರಲ್ಲಿ ಉಚಿತ ಶಿಬಿರ ನಡೆಸಿ, 1968ರಲ್ಲಿ ಪದ್ಮಭೂಷಣ ಪಡೆದ ಡಾ. ಎಂ.ಸಿ. ಮೋದಿ ಹುಟ್ಟಿದ್ದು ಬೀಳಗಿಯಲ್ಲಿ. ಅದು ಆಗ ನಮ್ಮ ವಿಜಾಪುರ ಜಿಲ್ಲೆಯಲ್ಲೇ ಇತ್ತು.

ಆ ಕಾಲದ ಶಿಬಿರಗಳಲ್ಲಿ ಕಣ್ಣೊಳಗೆ ಲೆನ್ಸ್ ಕೂರಿಸುತ್ತಿರಲಿಲ್ಲ. ಪೊರೆ ತೆಗೆದು ದಪ್ಪ ಗಾಜು ಕೊಡುತ್ತಿದ್ದರು. ಅದರಲ್ಲಿ ಎಲ್ಲವೂ ಸುಮಾರು ಕಾಲು ಪಾಲು ದೊಡ್ಡದಾಗಿ, ಹತ್ತಿರ ಕಾಣುತ್ತಿತ್ತು. ಹಿಡಿಯಹೋದ ಚರಿಗೆ ಕೈಗೆ ಸಿಗುತ್ತಿರಲಿಲ್ಲ, ಮೆಟ್ಟಿಲು ತಪ್ಪುತ್ತಿತ್ತು. ಬೇಸತ್ತು ತೆಗೆದಿಟ್ಟರೆ ಮತ್ತೆ ಎಲ್ಲ ಮಬ್ಬು.

ಇಂದಿನ ಪ್ಲಾಸ್ಟಿಕ್ ಲೆನ್ಸ್ ಹಗುರ, ಆದರೆ ಬೇಗ ಗೀರು ಬೀಳುತ್ತದೆ. ಹೊಲದ ಧೂಳನ್ನು ಧೋತರದ ಚುಂಗಿನಿಂದ ಒರೆಸಬೇಡಿ. ಮೊದಲು ನೀರಲ್ಲಿ ತೊಳೆಯಿರಿ, ಆಮೇಲೆ ಮೆತ್ತನೆ ಬಟ್ಟೆ. ಹೊಸ ಚಾಳೀಸು ರೂಢಿಯಾಗಲು ಕೆಲವು ದಿನ ತಾಳಿ. ತಲೆಸುತ್ತು ನಿಲ್ಲದಿದ್ದರೆ ಮತ್ತೆ ತೋರಿಸಿ.