ಲಿಯನಾರ್ಡೋನ ಅರ್ಜಿಯ ಕೊನೆಯ ಸಾಲು

ಮೊನ್ನೆ ಭಾನುವಾರ ಅಕ್ಕನ ಮಗ ತನ್ನ ರೆಸ್ಯೂಮೆ ಕಳಿಸಿ, "ಮಾಮಾ, ಸ್ವಲ್ಪ ನೋಡ್ತೀರಾ?" ಅಂದ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಎಂಟು ತಿಂಗಳಾಯ್ತು. ಎಲ್ಲೆಲ್ಲೋ ಅರ್ಜಿ ಹಾಕಿದ್ದಾನೆ, ಒಂದು ಕಡೆಯಿಂದಲೂ ಕರೆ ಬಂದಿಲ್ಲ. ಅಕ್ಕ ಬಾಯಿಬಿಟ್ಟು ಏನೂ ಹೇಳುವುದಿಲ್ಲ, ಆದರೆ ಫೋನಿನಲ್ಲಿ ಅವಳ ದನಿ ಸಣ್ಣಗಾಗಿದೆ.

ತೆರೆದು ನೋಡಿದೆ. ಮೂರು ಪುಟ. ಯಾರದೋ ರೆಸ್ಯೂಮೆಯಿಂದ ಎತ್ತಿಕೊಂಡ ಭರ್ಜರಿ ಧ್ಯೇಯವಾಕ್ಯ, ಎಸ್ಸೆಸ್ಸೆಲ್ಸಿಯಿಂದ ಹಿಡಿದು ಎಲ್ಲಾ ಮಾರ್ಕ್ಸು, ಅಪ್ಪನ ಹೆಸರು, ಗೊತ್ತಿರುವ ಭಾಷೆಗಳು... ಕಟ್ಟಕಡೆಗೆ ಹವ್ಯಾಸಗಳ ಪಟ್ಟಿಯಲ್ಲಿ, ಕ್ರಿಕೆಟ್ ನೋಡುವುದರ ಪಕ್ಕ, 'ಪಂಪ್‌ಸೆಟ್ ರಿಪೇರಿ'.

ನನಗೆ ತಟ್ಟನೆ ಲಿಯನಾರ್ಡೋ ಡಾ ವಿಂಚಿ ನೆನಪಾದ. ಎಲ್ಲಿಯ ಮೋನಾಲಿಸಾ, ಎಲ್ಲಿಯ ಪಂಪ್‌ಸೆಟ್ಟು ಅಂತ ನಗಬೇಡಿ :-) ಆ ಮಹಾನುಭಾವನೂ ಒಂದು ಕಾಲದಲ್ಲಿ ಕೆಲಸ ಕೇಳಿಕೊಂಡು ಅರ್ಜಿ ಬರೆದಿದ್ದ. ಅದರಲ್ಲೂ ಅವನ ಅಸಲಿ ಕಸುಬು ಇದ್ದದ್ದು ಕೊನೆಯಲ್ಲೇ!

ಸುಮಾರು ೧೪೮೨ರ ಮಾತು. ಲಿಯನಾರ್ಡೋಗೆ ಆಗ ಮೂವತ್ತು ವರ್ಷ. ಮದುವೆಯಾಗದ ತಂದೆತಾಯಿಗೆ ಹುಟ್ಟಿದವನು, ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವನಲ್ಲ. ಫ್ಲಾರೆನ್ಸಿನಲ್ಲಿ ವೆರೋಕ್ಕಿಯೋ ಎಂಬ ಕಲಾವಿದನ ಕಾರ್ಖಾನೆಯಲ್ಲಿ ಕಲಿತು ಒಳ್ಳೆಯ ಚಿತ್ರಗಾರ ಅನ್ನಿಸಿಕೊಂಡಿದ್ದ. ಆದರೆ ೧೪೮೧ರಲ್ಲಿ ಸನ್ಯಾಸಿಗಳ ಮಠವೊಂದಕ್ಕೆ ಒಪ್ಪಿಕೊಂಡ ದೊಡ್ಡ ಚಿತ್ರವನ್ನು ಅರ್ಧಕ್ಕೇ ಬಿಟ್ಟಿದ್ದ. ಈಗ ಅವನ ಕಣ್ಣು ಮಿಲಾನ್ ಮೇಲೆ ಬಿತ್ತು.

ಮಿಲಾನನ್ನು ಆಗ ನಡೆಸುತ್ತಿದ್ದವನು ಲುಡೊವಿಕೋ ಸ್ಫೋರ್ಜಾ. ಹೆಸರಿಗೆ ಡ್ಯೂಕ್ ಆಗಿದ್ದವನು ಅವನ ಅಣ್ಣನ ಮಗ, ಅಧಿಕಾರವೆಲ್ಲ ಚಿಕ್ಕಪ್ಪನ ಕೈಯಲ್ಲಿ. ಲುಡೊವಿಕೋನ ಅಪ್ಪ ಫ್ರಾನ್ಸೆಸ್ಕೋ ಬಾಡಿಗೆ ಸೈನ್ಯದ ನಾಯಕನಾಗಿದ್ದವನು, ಕತ್ತಿಯ ಬಲದಿಂದಲೇ ೧೪೫೦ರಲ್ಲಿ ಡ್ಯೂಕ್ ಆದವನು. ಸಾಲದ್ದಕ್ಕೆ ೧೪೮೨ರಲ್ಲಿ ವೆನಿಸ್ ಜೊತೆ ಯುದ್ಧ ಶುರುವಾಗಿತ್ತು. ಇಂಥವನಿಗೆ ರಾತ್ರಿ ನಿದ್ದೆಗೆಡಿಸುತ್ತಿದ್ದದ್ದು ಕೋಟೆ, ಫಿರಂಗಿಗಳೇ ಹೊರತು ಚಿತ್ರಪಟಗಳಲ್ಲ.

ಲಿಯನಾರ್ಡೋಗೆ ಇದು ಚೆನ್ನಾಗಿ ಗೊತ್ತಿತ್ತು. ಅರ್ಜಿಯಲ್ಲಿ ಅಪ್ಪನ ಹೆಸರಿಲ್ಲ, ಹುಟ್ಟಿದ ಊರಿಲ್ಲ, ಗುರುವಿನ ಹೆಸರೂ ಇಲ್ಲ. ಅಂಕಿ ಹಾಕಿ ಬರೆದ ಹತ್ತು ಕಲಮು ಇವೆ. ಸುಲಭವಾಗಿ ಹೊತ್ತೊಯ್ಯಬಹುದಾದ ಹಗುರ ಸೇತುವೆಗಳು, ಮುತ್ತಿಗೆಯ ಹೊತ್ತಿನಲ್ಲಿ ಕಂದಕದ ನೀರು ಖಾಲಿ ಮಾಡುವ ಉಪಾಯ, ಆಲಿಕಲ್ಲಿನ ಹಾಗೆ ಕಲ್ಲು ಸುರಿಸುವ ಫಿರಂಗಿ, ಸದ್ದಿಲ್ಲದೆ ಕೊರೆಯುವ ಸುರಂಗ, ಮುಚ್ಚಿದ ಯುದ್ಧರಥ, ಗುಂಡಿಗೆ ಜಗ್ಗದ ಹಡಗು. ಒಂಬತ್ತು ಕಲಮು ಬರೀ ಯುದ್ಧ! ಹತ್ತನೆಯದರಲ್ಲಿ, ಶಾಂತಿಯ ಕಾಲದಲ್ಲಿ ಕಟ್ಟಡ ಕಟ್ಟಬಲ್ಲೆ, ನೀರನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಹರಿಸಬಲ್ಲೆ ಅನ್ನುತ್ತಾನೆ. ಆಮೇಲೆ, ಅಂಕಿಯನ್ನೂ ಹಾಕದೆ, ಶಿಲ್ಪ ಮಾಡುತ್ತೇನೆ, ಹಾಗೆಯೇ ಚಿತ್ರವನ್ನೂ ಯಾರಿಗೂ ಕಡಿಮೆಯಿಲ್ಲದಂತೆ ಬರೆಯಬಲ್ಲೆ ಎಂಬ ಮಾತು.

ಲುಡೊವಿಕೋನ ತಂದೆಯ ನೆನಪಿಗೆ ಕಂಚಿನ ಕುದುರೆ ನಿಲ್ಲಿಸುವ ಪ್ರಸ್ತಾಪವೂ ಇದೆ. ಆ ಮನೆತನಕ್ಕೆ ಅಂಥ ಆಸೆ ಮೊದಲಿನಿಂದ ಇತ್ತು, ಅದನ್ನು ತಿಳಿದುಕೊಂಡೇ ಬರೆದಿದ್ದಾನೆ. ಕೊನೆಗೆ, ಇದರಲ್ಲಿ ಯಾವುದಾದರೂ ಅಸಾಧ್ಯ ಅನ್ನಿಸಿದರೆ ನಿಮ್ಮ ತೋಟದಲ್ಲೋ ನೀವು ಹೇಳಿದ ಜಾಗದಲ್ಲೋ ಮಾಡಿ ತೋರಿಸಲು ಸಿದ್ಧ ಅಂತ ಮುಗಿಸುತ್ತಾನೆ.

ಇನ್ನೊಂದು ಸ್ವಾರಸ್ಯ. ಲಿಯನಾರ್ಡೋ ಎಡಗೈಯವನು, ಬಲದಿಂದ ಎಡಕ್ಕೆ ಕನ್ನಡಿಬರಹ ಬರೆಯುತ್ತಿದ್ದ. ಆದರೆ ಮಿಲಾನಿನ ಅಂಬ್ರೋಸಿಯಾನಾ ಗ್ರಂಥಾಲಯದಲ್ಲಿರುವ ಈ ಪತ್ರದ ಕರಡು ಎಲ್ಲರಂತೆ ಎಡದಿಂದ ಬಲಕ್ಕಿದೆ, ಬೇರೆಯವರ ಕೈಬರಹದಲ್ಲಿ. ನಾವು ಡಿಟಿಪಿ ಅಂಗಡಿಗೆ ಹೋಗಿ ಮಾಡಿಸಿಕೊಂಡ ಹಾಗೆ!

ಇದರಲ್ಲಿ ಬಡಾಯಿ ಇಲ್ಲವೇ? ಧಾರಾಳವಾಗಿ ಇದೆ. ಅವನ ಹೆಸರಿಗೆ ಆಗ ಯುದ್ಧಭೂಮಿಯ ಅನುಭವ ಏನೂ ಇರಲಿಲ್ಲ. ಲುಡೊವಿಕೋ ಕೂಡ ಅವನನ್ನು ಕೂಡಲೇ ಕರೆದು ಫಿರಂಗಿ ಎರಕ ಹೊಯ್ಯಲು ಹಚ್ಚಲಿಲ್ಲ. ೧೪೮೩ರಲ್ಲಿ ಮಿಲಾನಿನಲ್ಲಿ ಅವನಿಗೆ ಸಿಕ್ಕ ಕೆಲಸ ಒಂದು ಧಾರ್ಮಿಕ ಸಂಘಕ್ಕೆ ಚಿತ್ರ ಬರೆಯುವುದು. ಮುಂದೆ ಆಸ್ಥಾನ ಸೇರಿದ ಮೇಲೂ ಹಬ್ಬದ ರಂಗಸಜ್ಜಿಕೆ ಮಾಡಿದ, ಕುದುರೆಯ ಕೆಲಸ ಹಿಡಿದ. ಕುದುರೆಯ ಬೃಹತ್ ಮಣ್ಣಿನ ಮಾದರಿ ೧೪೯೩ರ ಹೊತ್ತಿಗೆ ಸಿದ್ಧವಾಯಿತು. ಆದರೆ ಅದಕ್ಕಾಗಿ ಕೂಡಿಟ್ಟಿದ್ದ ಕಂಚು ೧೪೯೪ರಲ್ಲಿ ಫಿರಂಗಿ ಮಾಡಲು ಹೋಯಿತು. ೧೪೯೯ರಲ್ಲಿ ಮಿಲಾನ್ ಗೆದ್ದ ಫ್ರೆಂಚ್ ಸೈನಿಕರು ಆ ಮಣ್ಣಿನ ಕುದುರೆಯನ್ನೇ ಗುರಿಯಾಗಿಟ್ಟು ಬಾಣ ಹೊಡೆದು ಆಡಿದರು.

ಯುದ್ಧದ ಎಂಜಿನಿಯರ್ ಪಟ್ಟ ಅವನಿಗೆ ಸಿಕ್ಕಿದ್ದು ೧೫೦೨ರಲ್ಲಿ, ಚೆಸಾರೆ ಬೋರ್ಜಿಯಾನ ಹತ್ತಿರ. ಅರ್ಜಿ ಬರೆದು ಇಪ್ಪತ್ತು ವರ್ಷದ ಮೇಲೆ! ಇತ್ತ ಮಿಲಾನಿನಲ್ಲಿ ಲುಡೊವಿಕೋಗಾಗಿ ಅವನು ಮಾಡಿದ ಕೆಲಸಗಳಲ್ಲಿ ಇಂದಿಗೂ ಜನ ದೂರದೂರದಿಂದ ಬಂದು ನೋಡುವುದು, ಸಾಂತಾ ಮರಿಯಾ ಮಠದ ಊಟದ ಮನೆಯ ಗೋಡೆಯ ಮೇಲಿನ 'ಕೊನೆಯ ಭೋಜನ'. ಅಂದರೆ ಅರ್ಜಿಯ ಅಂಕಿಯಿಲ್ಲದ ಆ ಕೊನೆಯ ಸಾಲು.

ನಮ್ಮ ಹುಡುಗನಿಗೆ ಫೋನ್ ಮಾಡಿ, "ಪಂಪ್‌ಸೆಟ್ ಕೆಲಸ ಎಲ್ಲೋ ಕಲಿತದ್ದು?" ಅಂತ ಕೇಳಿದೆ. "ದೊಡ್ಡಪ್ಪನ ವರ್ಕ್‌ಶಾಪಲ್ಲಿ. ಹೈಸ್ಕೂಲಿಂದ ರಜಾ ಪೂರ್ತಿ ಅಲ್ಲೇ ಇರ್ತಿದ್ದೆ. ಮೋಟರ್ ರಿವೈಂಡಿಂಗ್ ಒಬ್ಬನೇ ಮಾಡ್ತೀನಿ. ಕೈ ಮಸಿ ಮಾಡ್ಕೊಳ್ಳೋ ಕೆಲಸ ಮಾಮಾ, ಅದನ್ನೇನು ದೊಡ್ಡದಾಗಿ ಬರೆಯೋದು?" ಅಂದ.

ನೋಡಿ, ವ್ಯತ್ಯಾಸ ಇಲ್ಲೇ ಇರುವುದು. ಲಿಯನಾರ್ಡೋ ತನ್ನ ಕಸುಬನ್ನು ಕೊನೆಗಿಟ್ಟದ್ದು ಓದುವವನಿಗೆ ಏನು ಬೇಕು ಅಂತ ತಿಳಿದು. ನಮ್ಮ ಹುಡುಗ ಕೊನೆಗಿಟ್ಟದ್ದು ನಾಚಿಕೆಯಿಂದ. ಅವನು ಅರ್ಜಿ ಹಾಕುತ್ತಿರುವುದು ಮೋಟರ್, ಪಂಪು ತಯಾರಿಸುವ ಕಾರ್ಖಾನೆಗಳಿಗೆ! ಅಲ್ಲಿ ಕೂತು ಓದುವವನಿಗೆ ಬೇಕಾದ ಒಂದೇ ಒಂದು ಸಾಲನ್ನು ಕ್ರಿಕೆಟ್ ಪಕ್ಕದಲ್ಲಿ ಬಚ್ಚಿಟ್ಟಿದ್ದ.

ಇಬ್ಬರೂ ಕೂತು ಮತ್ತೆ ಬರೆದೆವು. ಒಂದೇ ಪುಟ. ಮೊದಲಿಗೆ ಯಾವ ಯಾವ ಮೋಟರ್ ಬಿಚ್ಚಿ ಕಟ್ಟಿದ್ದಾನೆ, ಎಷ್ಟು ವರ್ಷದಿಂದ, ಅನ್ನುವುದು. ಕೊನೆಗೆ, ಬೇಕಿದ್ದರೆ ಎದುರಿಗೇ ಮಾಡಿ ತೋರಿಸುತ್ತೇನೆ ಎಂಬ ಮಾತು. ಅದೊಂದನ್ನು ಮಾತ್ರ ಲಿಯನಾರ್ಡೋನಿಂದ ಕದ್ದದ್ದು. ಬಡಾಯಿಯನ್ನು ಅವನಿಗೇ ಬಿಟ್ಟೆವು.

ಸೋಮವಾರ ಕಳಿಸಿದ್ದಾನೆ. ಇನ್ನೂ ಕರೆ ಬಂದಿಲ್ಲ. ಕಾಯುತ್ತಿದ್ದೇವೆ... ನೀವೂ ಒಂದು ಮಾತು ಹಾರೈಸಿ.